ಅತಿ ಹೆಚ್ಚು ಮಳೆ ಬಂದ ದಿನ: ‘ಹನಿ’

ಅಪ್ಪಯ್ಯ 1984ರಿಂದ ಮಳೆಯ ಲೆಕ್ಕ ಬರೆಯುತ್ತಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಇಂಚು-ಸೆಂಟ್ಸ್ ಓದಿ, ಡೈರಿಯಲ್ಲಿ ಬರೆದ ಮೇಲೆಯೇ ತಿಂಡಿ. ಮಲೆನಾಡಿನ ತೋಟದ ಮನೆಗಳಲ್ಲಿ ಇದು ಅಪರೂಪದ ಅಭ್ಯಾಸವೇನಲ್ಲ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಏನೇ ಹೇಳಲಿ, ಅಡಿಕೆ-ಕಾಫಿ ಬೆಳೆಗಾರರ ಬಾಯಲ್ಲಿ ಮಳೆ ಇನ್ನೂ ಇಂಚು-ಸೆಂಟ್ಸ್‌ನಲ್ಲೇ ಇದೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

‘ಆರಿದ್ರಾ ಮಳೆ ಮೊದಲಿನ ಹಾಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಪುಸ್ತಕ ಏನು ಹೇಳುತ್ತದೆ ನೋಡು ಮಾರಾಯ’ ಎಂದು ಅವರು ಹೇಳಿದ್ದೇ ಈ ಕೆಲಸದ ಮೂಲ. ಕಚೇರಿಯಲ್ಲಿ ದಿನವೂ ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವನಿಗೆ ಇದೊಂದು ಸಂಜೆಯ ಕೆಲಸ ಎಂದು ಕಂಡಿತು. ಪ್ರಶ್ನೆಗೆ ಉತ್ತರ ತೆಗೆಯುವುದು ನಿಜಕ್ಕೂ ಒಂದು ಸಂಜೆಯದೇ. ಆ ಉತ್ತರವನ್ನು ಅಪ್ಪಯ್ಯ ನಂಬುವ ಹಾಗೆ ತೋರಿಸಲು ಮಾತ್ರ ಮಳೆಗಾಲದ ಬಹುಪಾಲು ಹಿಡಿಯಿತು.

ಸಾಮಗ್ರಿ ಹೆಚ್ಚೇನೂ ಬೇಕಾಗಲಿಲ್ಲ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್‌ಗೆ ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಎಂದರೆ ಒಂದು ಫೈಲು. ರಿಚರ್ಡ್ ಹಿಪ್ ಅದನ್ನು 2000ರಲ್ಲಿ ಹೊರತಂದರು. ಇಂದು ನಮ್ಮೆಲ್ಲರ ಮೊಬೈಲಿನೊಳಗೂ ಅದು ಕುಳಿತಿದೆ. ಅದರೊಂದಿಗೆ ಮಾತಾಡುವ ಮಾಡ್ಯೂಲ್ 2006ರ 2.5ನೇ ಆವೃತ್ತಿಯಿಂದ ಪೈಥಾನಿನ ಜೊತೆಯಲ್ಲೇ ಬರುತ್ತದೆ. ಡೈರಿಗಳನ್ನು ಟೈಪ್ ಮಾಡಿದವಳು ಅಕ್ಕನ ಮಗಳು. ಎಕ್ಸೆಲ್ ಅವಳನ್ನು ಸಾಕಷ್ಟು ಕಾಡಿತು. ಎರಡು ಇಂಚು ಹತ್ತು ಸೆಂಟ್ಸ್ ಎಂದು ‘2-10’ ಒತ್ತಿದರೆ ಅದು ಅಕ್ಟೋಬರ್ ಎರಡನೆಯ ತಾರೀಕಾಗುತ್ತಿತ್ತು, ‘2-35’ ಎಂದರೆ 1935ರ ಫೆಬ್ರವರಿಯಾಗುತ್ತಿತ್ತು. ಆ ಕಾಲಂ ಬರೀ ಅಕ್ಷರಗಳದ್ದು ಎಂದು ಮೊದಲೇ ಹೇಳಿದ ಮೇಲಷ್ಟೇ ಅದು ಸುಮ್ಮನಾಯಿತು.

ಮೊದಲ ಕೆಲವು ವರ್ಷ ಅಪ್ಪಯ್ಯ ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಹುಡುಗಿಯೂ ನಿಷ್ಠೆಯಿಂದ ‘೨-೩೫’ ಎಂದೇ ಟೈಪ್ ಮಾಡಿದ್ದಳು. ಅದಕ್ಕೆ ಬೇರೆ ಉಪಾಯ ಬೇಕಾದೀತು ಎಂದುಕೊಂಡಿದ್ದೆ, ಆದರೆ ಪೈಥಾನಿಗೆ ಕನ್ನಡ ಅಂಕಿ ಓದಲು ಬರುತ್ತದೆ! ಪೂರ್ಣಾಂಕ ಮಾಡುವ ‘ಇಂಟ್’ ಎಂಬ ಫಂಕ್ಷನ್ನಿಗೆ ‘೨೩೫’ ಎಂದು ಕೊಟ್ಟರೆ ತಕರಾರಿಲ್ಲದೆ 235 ಎಂದು ಮರಳಿಸುತ್ತದೆ. ಎಸ್‌ಕ್ಯುಲೈಟ್‌ಗೆ ಆ ಬುದ್ಧಿಯಿಲ್ಲ. ಅದೇ ‘೨೩೫’ನ್ನು ಸಂಖ್ಯೆ ಮಾಡು ಎಂದರೆ ಸೊನ್ನೆ ಕೊಡುತ್ತದೆ. ಹಾಗಾಗಿ ಪರಿವರ್ತನೆಯೆಲ್ಲ ಪೈಥಾನಿನಲ್ಲೇ ಮುಗಿಯಿತು. ಇಂಚನ್ನು ನೂರರಿಂದ ಗುಣಿಸಿ ಸೆಂಟ್ಸ್ ಕೂಡಿಸಿ, ದಶಮಾಂಶದ ಗೊಡವೆಯೇ ಇಲ್ಲದ ಪೂರ್ಣಾಂಕವಾಗಿ ಇಟ್ಟೆ. ಪರಿವರ್ತನೆಯಾಗದ್ದು ಇದ್ದ ಹಾಗೆಯೇ ಒಳಗೆ ಹೋಯಿತು. ತಾರೀಕುಗಳು ಮಾತ್ರ ವರ್ಷ-ತಿಂಗಳು-ದಿನ ಎಂಬ ಕ್ರಮಕ್ಕೆ ತಿರುಗಿದವು, ಏಕೆಂದರೆ ಎಸ್‌ಕ್ಯುಲೈಟ್‌ನಲ್ಲಿ ತಾರೀಕು ಎಂಬ ಪ್ರತ್ಯೇಕ ಬಗೆಯೇ ಇಲ್ಲ. ಅದು ಅವನ್ನು ಬರೀ ಅಕ್ಷರಗಳಾಗಿ ಹೋಲಿಸುತ್ತದೆ. ‘22-06-1998’ ಎಂದು ಇಟ್ಟರೆ ಎಲ್ಲ ವರ್ಷಗಳ 22ನೇ ತಾರೀಕುಗಳು ಒಂದೆಡೆ ಗುಂಪಾಗುತ್ತವೆ.

ಮೊದಲು ಪರದೆಗೆ ಬಂದದ್ದು ಯಾರಿಗೂ ತೋರಿಸುವಂಥದ್ದಾಗಿರಲಿಲ್ಲ. ಫಲಿತಾಂಶವನ್ನು ಒಟ್ಟಿಗೆ ತರಿಸಿ ಪ್ರಿಂಟ್ ಮಾಡಿದರೆ ಪೈಥಾನ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ರೂಪವನ್ನೇ ಉಗುಳುತ್ತದೆ: ಚೌಕ ಆವರಣ, ಅದರೊಳಗೆ ದುಂಡು ಆವರಣ, ಉದ್ಧರಣ ಚಿಹ್ನೆ, ಅಲ್ಲಲ್ಲಿ ‘ಏನೂ ಇಲ್ಲ’ ಎನ್ನುವ ‘ನನ್’ ಎಂಬ ಪದ. ಯಾವುದು ಮಳೆ, ಯಾವುದು ಷರಾ ಎಂದು ತಿಳಿಯುವುದು ಎಡದಿಂದ ಎಣಿಸಿದರೆ ಮಾತ್ರ. ಕಾಲಂಗಳ ಹೆಸರು ಬೇಕಾದರೆ, ಫಲಿತಾಂಶದ ಸಾಲುಗಳನ್ನು ಒಂದೊಂದಾಗಿ ಕೊಡುವ ‘ಕರ್ಸರ್’ ಎಂಬುದರ ‘ಡಿಸ್ಕ್ರಿಪ್ಷನ್’ ನೋಡಬೇಕು. ಅಲ್ಲಿ ಒಂದೊಂದು ಕಾಲಮಿಗೆ ಏಳು ಮನೆ. ಮೊದಲನೆಯದರಲ್ಲಿ ಹೆಸರು, ಉಳಿದ ಆರೂ ಖಾಲಿ. ಬೇರೆ ಡೇಟಾಬೇಸ್‌ಗಳಿಗೆಂದು ಮಾಡಿಟ್ಟ ನಿಯಮ, ಇಲ್ಲಿ ಹೆಸರಿಗಷ್ಟೇ ಪಾಲನೆಯಾಗಿದೆ. ಅದರ ಬದಲು ಸಂಪರ್ಕ ತೆರೆದ ಕೂಡಲೇ ‘ರೋ ಫ್ಯಾಕ್ಟರಿ’ಗೆ ಎಸ್‌ಕ್ಯುಲೈಟ್ ಮಾಡ್ಯೂಲಿನ ‘ರೋ’ ಕೊಟ್ಟುಬಿಟ್ಟರೆ ಪ್ರತಿ ಸಾಲಿನ ಮನೆಗಳನ್ನೂ ಹೆಸರು ಹಿಡಿದು ಕರೆಯಬಹುದು. ಒಂದೇ ಸಾಲಿನ ಈ ಏರ್ಪಾಡನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು, ಏಕೋ ಯಾರೂ ಹೇಳಿಕೊಡುವುದಿಲ್ಲ. ಕರ್ಸರಿನ ಇನ್ನೊಂದು ಗುಣವೆಂದರೆ ಒಮ್ಮೆ ಕೊನೆಯವರೆಗೆ ಓದಿದ ಮೇಲೆ ಅದು ಬರಿದು. ಮೊತ್ತ ಕೂಡಿಸಲು ಒಂದು ಸುತ್ತು ಓದಿ, ಮುದ್ರಿಸಲು ಮತ್ತೆ ಹೊರಟರೆ ದೋಷದ ಸೂಚನೆ ಕೂಡ ಇಲ್ಲದೆ ಖಾಲಿ ಪಟ್ಟಿ ಬರುತ್ತದೆ.

ಅಪ್ಪಯ್ಯನಿಗೆ ಮೊದಲು ಒಂದು ಸುಲಭದ ಉತ್ತರ ತೋರಿಸಿ ಉತ್ಸಾಹ ಹುಟ್ಟಿಸೋಣ ಎಂದು, ಇಷ್ಟು ವರ್ಷಗಳಲ್ಲಿ ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆ ಎಷ್ಟು ಎಂದು ಕೇಳಿದೆ. ‘ಮ್ಯಾಕ್ಸ್’ ಬಳಸಿದ ಒಂದು ಸಾಲಿನ ಪ್ರಶ್ನೆ. ಬಂದ ಉತ್ತರ: ‘ಹನಿ’.

ಪಕ್ಕದಲ್ಲೇ ಕುಳಿತಿದ್ದ ಅಪ್ಪಯ್ಯ ಬಿದ್ದು ಬಿದ್ದು ನಕ್ಕರು. ಅವರ ಪದ್ಧತಿಯಲ್ಲಿ ನೆಲ ಒದ್ದೆಯಾಗಿ ಗಾಜಿನ ಮೊದಲ ಗೆರೆಯನ್ನೂ ನೀರು ಮುಟ್ಟದ ದಿನಕ್ಕೆ ‘ಹನಿ’ ಎಂದು ಬರೆಯುವುದು. ಅಂಥ ದಿನ ನಮ್ಮ ತೋಟದ ಚರಿತ್ರೆಯ ಮಹಾಮಳೆಯಾಗಿ ಪರದೆಯ ಮೇಲೆ ನಿಂತಿತ್ತು. ಕಾಲಂ ಪೂರ್ಣಾಂಕದ್ದು ಎಂದು ಘೋಷಿಸಿದ್ದರೂ ಎಸ್‌ಕ್ಯುಲೈಟ್ ಅದನ್ನು ಕಟ್ಟಪ್ಪಣೆಯಾಗಿ ತೆಗೆದುಕೊಳ್ಳುವುದಿಲ್ಲ. ಸಂಖ್ಯೆಯಾಗಿ ತಿರುಗುವಂಥದ್ದನ್ನು ತಿರುಗಿಸುತ್ತದೆ, ತಿರುಗದಿದ್ದರೆ ಅಕ್ಷರವಾಗಿಯೇ ಇಟ್ಟುಕೊಳ್ಳುತ್ತದೆ. ಹೋಲಿಸುವಾಗ ಅದರ ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕದು ಖಾಲಿ ಮನೆ, ಆಮೇಲೆ ಸಂಖ್ಯೆಗಳು, ಯಾವುದೇ ಸಂಖ್ಯೆಗಿಂತ ದೊಡ್ಡದು ಅಕ್ಷರ. ಕೂಡಿಸುವಾಗ ಮಾತ್ರ ಅದೇ ‘ಹನಿ’ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಆದ್ದರಿಂದ ಮೊತ್ತಗಳನ್ನಷ್ಟೇ ನೋಡುತ್ತಿದ್ದರೆ ಇದು ಬೆಳಕಿಗೆ ಬರುತ್ತಲೇ ಇರಲಿಲ್ಲ. 2021ರ ನವೆಂಬರಿನಲ್ಲಿ ಬಂದ 3.37ನೇ ಆವೃತ್ತಿಯಿಂದ ಟೇಬಲ್ ಕಟ್ಟುವಾಗಲೇ ‘ಸ್ಟ್ರಿಕ್ಟ್’ ಎಂದು ಸೇರಿಸಬಹುದು. ಹಾಗೆ ಮತ್ತೆ ಕಟ್ಟಿದಾಗ ಪ್ರತಿಯೊಂದು ‘ಹನಿ’ಯನ್ನೂ ಅದು ಬಾಗಿಲಲ್ಲೇ ತಡೆಯಿತು.

ತಡೆದದ್ದನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಡೈರಿಗಳನ್ನೇ ಸರಿಯಾಗಿ ಓದಬೇಕಾಯಿತು. ಮಳೆ ಇಲ್ಲ ಎನ್ನಲು ಅಪ್ಪಯ್ಯನ ಬಳಿ ಒಂದಲ್ಲ, ಮೂರು ಬರಹ ಇವೆ. ಸೊನ್ನೆ ಎಂದರೆ ಮಾಪಕ ನೋಡಿದೆ, ಒಣಗಿತ್ತು. ಹನಿ ಎಂದರೆ ಬಿತ್ತು, ಅಳತೆಗೆ ಸಿಗಲಿಲ್ಲ. ಅಡ್ಡಗೆರೆ ಎಂದರೆ ಅಂದು ನೋಡಲೇ ಇಲ್ಲ: ಮದುವೆಗೆ ಹೋಗಿದ್ದರು, ಜ್ವರ ಬಂದಿತ್ತು, ಹೀಗೆ ಏನೋ ಒಂದು. ಹುಡುಗಿ ಗೆರೆ ಇದ್ದಲ್ಲೆಲ್ಲ ಖಾಲಿ ಬಿಟ್ಟಿದ್ದಳು, ಡೇಟಾಬೇಸಿನಲ್ಲಿ ಅದು ‘ನಲ್’ ಆಯಿತು. ಹನಿಗೆ ಬೇರೆ ಕಾಲಂ ಮಾಡಿ ಅಲ್ಲಿ 1 ಹಾಕಿ, ಮಳೆಯ ಕಾಲಮಿನಲ್ಲಿ ಸೊನ್ನೆ ಇಟ್ಟೆ. ಇಷ್ಟಾದ ಮೇಲೆ ತೋರಿಸುವ ಕಡೆ ತೊಡಕು ಶುರುವಾಯಿತು. ನಲ್ ಎಂಬುದು ಪೈಥಾನಿಗೆ ‘ನನ್’ ಆಗಿ ಬರುತ್ತದೆ, ಅದನ್ನು ಅಂಕಿಯ ಅಚ್ಚಿಗೆ ಹಾಕಹೊರಟರೆ ಪ್ರೋಗ್ರಾಮ್ ಅಲ್ಲಿಗೇ ನಿಂತುಬಿಡುತ್ತದೆ. ಹೀಗೆ ನಿಂತಾಗ ಎಲ್ಲರಿಗೂ ಕೈಗೆ ಸಿಗುವ ಮದ್ದು ಎಂದರೆ ಖಾಲಿ ಇದ್ದಲ್ಲಿ ಸೊನ್ನೆ ತುಂಬುವುದು. ಕಚೇರಿಯ ಎಷ್ಟೋ ವರದಿಗಳಲ್ಲಿ ಆ ಮದ್ದು ನಡೆಯುತ್ತಲೂ ಇದೆ. ಇಲ್ಲಿ ಅದನ್ನು ಹಾಕಿದರೆ ಅಪ್ಪಯ್ಯ ಊರಲ್ಲಿಲ್ಲದ ದಿನವೆಲ್ಲ ಬಿಸಿಲು ಕಾಯ್ದಂತೆ ಕಾಣುತ್ತದೆ.

1997ರ ಆರಿದ್ರಾ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಅಮ್ಮನ ಶಸ್ತ್ರಚಿಕಿತ್ಸೆಗೆಂದು ಅವರು ಊರು ಬಿಟ್ಟಿದ್ದರು, ಹದಿನಾಲ್ಕು ದಿನಗಳಲ್ಲಿ ಅಳತೆಯಾದದ್ದು ಒಂಬತ್ತೇ ದಿನ. ‘ಸಮ್’ ಎಂಬ ಕೂಡಿಕೆ ನಲ್‌ಗಳನ್ನು ಕಂಡೂ ಕಾಣದಂತೆ ದಾಟಿ 11 ಇಂಚು 20 ಸೆಂಟ್ಸ್ ಎಂದು ಕೊಟ್ಟಿತು. ಸಾಲಿನಲ್ಲಿ ಅದು ಬರಗಾಲದ ವರ್ಷದಂತೆ ಕಾಣುತ್ತಿತ್ತು. ಸರಾಸರಿ ಹಾಕಿ ಉಳಿದ ಐದು ದಿನ ತುಂಬೋಣವೇ ಎಂದು ಕೇಳಿದ್ದಕ್ಕೆ ಅಪ್ಪಯ್ಯ, ‘ನಾನು ಅಳೆಯದ ಮಳೆಯನ್ನು ನೀನು ಹೇಗೆ ಅಳೆಯುತ್ತೀಯ?’ ಎಂದರು. ಕೊನೆಗೆ ಮೊತ್ತದ ಪಕ್ಕದಲ್ಲೇ ‘14ರಲ್ಲಿ 9 ದಿನ’ ಎಂದು ಚಿಕ್ಕದಾಗಿ ತೋರಿಸಿದೆ. ಎಲ್ಲ ದಿನವೂ ಅಳತೆಯಾದ ವರ್ಷಗಳಲ್ಲಿ ಆ ಜಾಗ ಖಾಲಿ. ‘ಕೌಂಟ್’ಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಅದು ಸಾಲುಗಳನ್ನು ಎಣಿಸುತ್ತದೆ, ಕಾಲಮಿನ ಹೆಸರು ಕೊಟ್ಟರೆ ನಲ್ ಅಲ್ಲದವನ್ನು ಮಾತ್ರ ಎಣಿಸುತ್ತದೆ. ಈ ಭೇದ ಪರೀಕ್ಷೆಗೆ ಓದಿದ್ದಾಗಿತ್ತು, ಉಪಯೋಗಕ್ಕೆ ಬಂದದ್ದು ಇಲ್ಲಿ.

1991ರದ್ದು ಇನ್ನೊಂದು ಬಗೆ. ಆ ಡೈರಿಯನ್ನು ಗೆದ್ದಲು ತಿಂದಿದೆ, ಇಡೀ ವರ್ಷದ ಒಂದು ಸಾಲೂ ಇಲ್ಲ. ಪಟ್ಟಿಯಲ್ಲಿ 1990ರ ಕೆಳಗೆ ನೇರವಾಗಿ 1992 ಬಂದು ಕುಳಿತಿತ್ತು. ಇಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬಲಗಡೆ ಜೋಡಿ ಸಿಗದಿದ್ದರೂ ಎಡದ ಸಾಲುಗಳನ್ನೆಲ್ಲ ಉಳಿಸಿಕೊಳ್ಳುವ ‘ಲೆಫ್ಟ್ ಜಾಯಿನ್’ ಹಾಕಿ, ಪಂಚಾಂಗದ ಟೇಬಲನ್ನು ಎಡಕ್ಕೂ ಮಳೆಯ ಟೇಬಲನ್ನು ಬಲಕ್ಕೂ ಇಟ್ಟ ಮೇಲೆ 1991 ತನ್ನ ಜಾಗಕ್ಕೆ ಬಂತು, ಮೊತ್ತದ ಮನೆಯಲ್ಲಿ ಅಪ್ಪಯ್ಯನದೇ ಅಡ್ಡಗೆರೆ. ಇಲ್ಲಿ ‘ಟೋಟಲ್’ ಎಂಬ ಇನ್ನೊಂದು ಕೂಡಿಕೆಯ ಆಸೆಗೆ ಬೀಳಬಾರದು. ಏನೂ ಇಲ್ಲದಲ್ಲಿ ‘ಸಮ್’ ನಲ್ ಕೊಟ್ಟರೆ ‘ಟೋಟಲ್’ 0.0 ಕೊಡುತ್ತದೆ.

ಪಂಚಾಂಗದ ಟೇಬಲ್ ಎಂದೆನಲ್ಲ, ಅದರದ್ದೇ ಒಂದು ಕಥೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ, ಮಳೆಗೆ ಆ ನಕ್ಷತ್ರದ ಹೆಸರು. ಮೃಗಶಿರಾ ಜೂನ್ ಮೊದಲ ವಾರ ಕಳೆದ ಮೇಲೆ, ಆರಿದ್ರಾ ಜೂನ್ 21-22ರ ಸುಮಾರಿಗೆ, ಪುನರ್ವಸು ಜುಲೈ 5-6ಕ್ಕೆ ಹುಟ್ಟುತ್ತವೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ. ಅಪ್ಪಯ್ಯ ಹಳೆಯ ಪಂಚಾಂಗಗಳನ್ನೂ ಬಿಸಾಡಿಲ್ಲವಾದ್ದರಿಂದ ಪ್ರತಿ ವರ್ಷದ ತಾರೀಕು ಸಿಕ್ಕಿತು. ಒಂದು ಮಳೆ ಮುಗಿಯುವ ದಿನವೇ ಮುಂದಿನದು ಹುಟ್ಟುವ ದಿನ. ‘ಬಿಟ್ವೀನ್’ ಎಂದು ಕೇಳಿದರೆ ಎರಡೂ ತುದಿಗಳು ಒಳಗೇ ಸೇರುತ್ತವೆ, ಗಡಿಯ ದಿನದ ಮಳೆ ಎರಡು ನಕ್ಷತ್ರಗಳಿಗೂ ಜಮೆಯಾಗುತ್ತದೆ. ಹಾಗಾದರೆ ಅದು ಯಾರದ್ದು? ಅಪ್ಪಯ್ಯನ ತೀರ್ಪಿಗೆ ಒಂದು ಕ್ಷಣವೂ ಬೇಕಾಗಲಿಲ್ಲ: ಬೆಳಿಗ್ಗೆ ಎಂಟೂವರೆಗೆ ಅಳೆಯುವುದು ಹಿಂದಿನ ಇಪ್ಪತ್ನಾಲ್ಕು ಗಂಟೆಯ ನೀರು, ಆದ್ದರಿಂದ ಅದು ಹಿಂದಿನ ಮಳೆಯದ್ದು. ಹವಾಮಾನ ಇಲಾಖೆ ಅಳೆಯುವ ಹೊತ್ತೂ ಅದೇ ಎಂಟೂವರೆ. ಆರಂಭದ ತಾರೀಕಿಗಿಂತ ದೊಡ್ಡದು, ಮುಗಿಯುವ ತಾರೀಕಿಗೆ ಸಮ ಅಥವಾ ಚಿಕ್ಕದು ಎಂದು ಪ್ರಶ್ನೆ ತಿದ್ದಿದೆ. ಸಾಲುಗಳ ಕ್ರಮವನ್ನೂ ಕೈಯಾರೆ ಹೇಳಬೇಕಾಯಿತು. ಸುಮ್ಮನೆ ಹೆಸರಿನ ಮೇಲೆ ಗುಂಪು ಮಾಡಿದರೆ ಅಶ್ವಿನಿ, ಆರಿದ್ರಾ, ಆಶ್ಲೇಷ, ಉತ್ತರೆ ಎಂದು ಅಕಾರಾದಿಯಲ್ಲಿ ಹೋಗಿ ಸೆಪ್ಟೆಂಬರಿನ ಉತ್ತರೆಯ ಬೆನ್ನಿಗೆ ಮೇ ತಿಂಗಳ ಕೃತ್ತಿಕಾ ಬರುತ್ತದೆ. ಮಳೆಗಾಲವೇ ತಲೆಕೆಳಗು. ಪ್ರತಿ ನಕ್ಷತ್ರಕ್ಕೂ ಕ್ರಮಸಂಖ್ಯೆ ಕೊಟ್ಟು ‘ಆರ್ಡರ್ ಬೈ’ ಅದರ ಮೇಲೆ ಹಾಕಿದೆ.

ಇನ್ನು ಅಚ್ಚುಕಟ್ಟಿನ ಪ್ರಶ್ನೆ. ಟರ್ಮಿನಲ್ ಎಂಬ ಕಪ್ಪು ಪರದೆ ಚೌಕುಳಿ ಲೆಕ್ಕದ ಪುಸ್ತಕದಂತೆ, ಒಂದು ಮನೆಗೆ ಒಂದು ಅಕ್ಷರ. ಹೆಸರಿಗೆ ಹತ್ತು ಮನೆ ಮೀಸಲಿಡು ಎಂದರೆ ಪೈಥಾನ್ ಅಕ್ಷರ ಎಣಿಸಿ ಉಳಿದಷ್ಟು ಜಾಗ ಬಿಡುತ್ತದೆ. ಆದರೆ ಅದು ಎಣಿಸುವುದು ಯುನಿಕೋಡ್ ಸಂಕೇತಗಳನ್ನು. ‘ಮಘಾ’ ಎಂದರೆ ಅದಕ್ಕೆ ಮೂರು: ಮ, ಘ, ದೀರ್ಘದ ಚಿಹ್ನೆ. ‘ಪುಷ್ಯ’ ಐದು, ‘ಸ್ವಾತಿ’ ಆರು. ಓದುವ ನಮಗೆ ಮೂರೂ ಎರಡೆರಡೇ ಅಕ್ಷರ. ಹಾಗಾಗಿ ಮಘಾದ ಮುಂದೆ ಏಳು ಮನೆ ಖಾಲಿ, ಸ್ವಾತಿಯ ಮುಂದೆ ನಾಲ್ಕು, ಅದರಾಚೆಯ ಅಂಕಿಗಳೆಲ್ಲ ಕುಡಿದವರಂತೆ ಓಲಾಡುತ್ತವೆ. ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸುವ ಪುಟ್ಟ ಫಂಕ್ಷನ್ ಬರೆದು ನೋಡಿದೆ. ಆಗ ಬೇರೆ ತರಹ ಓಲಾಡಿದವು, ಏಕೆಂದರೆ ಕನ್ನಡದ ಅಕ್ಷರಗಳೇ ಒಂದೊಂದು ಅಗಲ, ಒತ್ತಕ್ಷರಕ್ಕೆ ಎಷ್ಟು ಮನೆ ಎಂಬುದು ಟರ್ಮಿನಲ್ಲಿನ ಮರ್ಜಿ. ಇದರ ಹಿಂದೆ ಬಿದ್ದು ಹೋದ ಸಮಯಕ್ಕೆ ಲೆಕ್ಕವಿಲ್ಲ. ಪರಿಹಾರ ಮಾತ್ರ ತೀರಾ ಸರಳ: ಕನ್ನಡದ ಕಾಲಮನ್ನು ಕೊನೆಗೆ ಹಾಕುವುದು. ವರ್ಷ, ಇಂಚು, ಸೆಂಟ್ಸ್, ದಿನಗಳ ಎಣಿಕೆ ಮೊದಲು, ಬಲಕ್ಕೆ ಒತ್ತಿಕೊಂಡು. ಹೆಸರು ಮತ್ತು ಷರಾ ಕಟ್ಟಕಡೆಗೆ. ಅವುಗಳ ಆಚೆ ಏನೂ ಇಲ್ಲದ್ದರಿಂದ ಅವು ಎಷ್ಟೇ ಅಗಲವಾದರೂ ಯಾರಿಗೂ ತೊಂದರೆಯಿಲ್ಲ. ಸೆಂಟ್ಸ್‌ಗೆ ಎರಡಂಕಿ ಕಡ್ಡಾಯ ಮಾಡಿದೆ. ಇಲ್ಲದಿದ್ದರೆ ಎರಡು ಇಂಚು ಐದು ಸೆಂಟ್ಸ್ ‘2-5’ ಆಗಿ, ಓದುವವರು ಐವತ್ತು ಎಂದುಕೊಳ್ಳುತ್ತಾರೆ. ಅಪ್ಪಯ್ಯನ ಡೈರಿಯಲ್ಲಿ ಎಲ್ಲೆಡೆ ‘2-05’ ಎಂದೇ ಇದೆ.

ಕಪ್ಪು ಪರದೆ ನನಗೆ ಸರಿ, ಅವರಿಗೆ ಬೇಕಾದದ್ದು ಕಾಗದ. ಅದೇ ಫಲಿತಾಂಶವನ್ನು ಎಚ್‌ಟಿಎಂಎಲ್ ಎಂಬ ವೆಬ್ ಪುಟದ ಭಾಷೆಯಲ್ಲಿ ಟೇಬಲ್ ಆಗಿ ಬರೆದು ಬ್ರೌಸರಿನಿಂದ ಮುದ್ರಿಸುವುದೇ ವಾಸಿ, ಅಗಲದ ತಲೆನೋವನ್ನು ಬ್ರೌಸರ್ ಹೊತ್ತುಕೊಳ್ಳುತ್ತದೆ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲ್ ಬರೆಯಲು ಹೊರಟರೆ ‘ಚಾರ್‌ಮ್ಯಾಪ್’ಗೆ ಈ ಅಕ್ಷರಗಳು ಗೊತ್ತಿಲ್ಲ ಎಂಬ ದೂರು. ಯಾವ ಸಂಕೇತ ಎಂದು ಹೇಳದಿದ್ದರೆ ಅಲ್ಲಿನ ಪೈಥಾನ್ ಯುರೋಪಿನ ಹಳೆಯ ಅಕ್ಷರಪಟ್ಟಿಯನ್ನು ಹಿಡಿಯುತ್ತದೆ. ಫೈಲ್ ತೆರೆಯುವಾಗಲೇ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಎಂದು ಹೇಳಬೇಕು. ಪುಟದ ತಲೆಯಲ್ಲೂ ಅದನ್ನು ಬರೆಯದಿದ್ದರೆ ತಲೆಯ ಮೇಲೆ ಗೀಟು ಹೊತ್ತ ರೋಮನ್ ‘ಎ’ಗಳ ಸಾಲು ಬರಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ, ಆದ್ದರಿಂದಲೇ ಆ ‘ಎ’ ಮತ್ತೆ ಮತ್ತೆ ಕಾಣುವುದು. ಅಕ್ಕನ ಮಗಳು ಎಕ್ಸೆಲ್‌ಗೆಂದು ಕೇಳಿದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಪ್ರತಿಯಲ್ಲೂ ಇದೇ ಕಾಟ. ಅದಕ್ಕೆ ಯುಟಿಎಫ್-8ರ ‘ಸಿಗ್’ ರೂಪ ಕೊಟ್ಟರೆ ಫೈಲಿನ ಮೊದಲಲ್ಲಿ ಒಂದು ಗುರುತು ಸೇರಿಕೊಂಡು ಎಕ್ಸೆಲ್ ದಾರಿಗೆ ಬರುತ್ತದೆ.

ಬೇಕಾದ ವರ್ಷ ಕೇಳಿ ತೋರಿಸುವ ಏರ್ಪಾಡಿಗೆ ಪ್ರಶ್ನೆಯೊಳಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಬೆಲೆಯನ್ನು ಪ್ರತ್ಯೇಕವಾಗಿ ಕಳಿಸಿದೆ. ಬಳಕೆದಾರ ಟೈಪ್ ಮಾಡಿದ್ದನ್ನು ಪ್ರಶ್ನೆಗೆ ನೇರವಾಗಿ ಅಂಟಿಸುವುದು ಮನೆಯ ಪ್ರೋಗ್ರಾಮಿನಲ್ಲೂ ಕೆಟ್ಟ ಅಭ್ಯಾಸ. ಇಲ್ಲೊಂದು ಮೋಜಿದೆ. ‘1994’ ಎಂದಷ್ಟೇ ಕಳಿಸಿದರೆ, ಕೇಳಿದ್ದು ಒಂದು, ಬಂದದ್ದು ನಾಲ್ಕು ಎಂದು ಅದು ಆಕ್ಷೇಪಿಸುತ್ತದೆ. ಒಂದು, ಒಂಬತ್ತು, ಒಂಬತ್ತು, ನಾಲ್ಕು, ಬಿಡಿಬಿಡಿಯಾಗಿ. ಬೆಲೆಯ ನಂತರ ಒಂದು ಅಲ್ಪವಿರಾಮ ಹಾಕಿ ಆವರಣದಲ್ಲಿ ಕಟ್ಟಿದರೆ ಸಮಾಧಾನ.

ಆರಿದ್ರಾ ಪಟ್ಟಿಯನ್ನು ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಓದಿದರು. ಮಳೆ ಕಡಿಮೆಯಾಗಿದೆಯೇ ಎಂಬುದಕ್ಕೆ ಅದು ಒಂದೇ ಮಾತಿನ ಉತ್ತರ ಕೊಡಲಿಲ್ಲ. ಮೊತ್ತ ಏರಿಳಿಯುತ್ತಾ ಬಂದಿದೆ. ಇಲಾಖೆಯ ವ್ಯಾಖ್ಯೆಯಂತೆ 2.5 ಮಿಲಿಮೀಟರ್, ಅಂದರೆ ನಮ್ಮ ಹತ್ತು ಸೆಂಟ್ಸ್ ಮುಟ್ಟಿದ ದಿನಗಳನ್ನು ಮಾತ್ರ ಮಳೆಯ ದಿನ ಎಂದು ಎಣಿಸಿದರೆ ಈಚಿನ ವರ್ಷಗಳಲ್ಲಿ ಅವು ಕಡಿಮೆ. ಬಿದ್ದ ದಿನ ಜೋರು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಹೇಳಿ ಅವರು ಮುಂದಿನ ಪ್ರಶ್ನೆಗೆ ಹೋದರು. ಅಡಿಕೆಗೆ ಕೊಳೆ ರೋಗ ಬರದಂತೆ ಸುಣ್ಣ-ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯಲು ಮಳೆ ನಡುವೆ ಮೂರು ದಿನವಾದರೂ ಹೊಳವು ಬೇಕು. ಅದು ಯಾವ ವರ್ಷ ಯಾವಾಗ ಸಿಕ್ಕಿತ್ತು?

2018ರಲ್ಲಿ ಬಂದ 3.25ನೇ ಆವೃತ್ತಿಯಿಂದ ಎಸ್‌ಕ್ಯುಲೈಟ್‌ನಲ್ಲಿ ಸಾಲುಗಳಿಗೆ ಸಂಖ್ಯೆ ಹಾಕುವ ಸೌಲಭ್ಯ ಇದೆ. ಒಣ ದಿನಗಳನ್ನಷ್ಟೇ ಆರಿಸಿ, ತಾರೀಕಿನ ದಿನಸಂಖ್ಯೆಯಿಂದ ಸಾಲಿನ ಸಂಖ್ಯೆಯನ್ನು ಕಳೆದರೆ ಬೆನ್ನುಬೆನ್ನಿಗೆ ಬಂದ ದಿನಗಳಿಗೆಲ್ಲ ಒಂದೇ ಉತ್ತರ ಬರುತ್ತದೆ. ಆ ಉತ್ತರದ ಮೇಲೆ ಗುಂಪು ಮಾಡಿದರೆ ಒಂದೊಂದು ಗುಂಪು ಒಂದೊಂದು ಹೊಳವು. ಹನಿ ಬಿದ್ದ ದಿನವನ್ನು ಒಣ ದಿನ ಎನ್ನಬಹುದೇ ಎಂದು, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗಾರರನ್ನು ಕೇಳಿದೆ. ‘ಒದ್ದೆ ಮರ ಹತ್ತುವವರು ನೀವೋ ನಾನೋ?’ ಎಂದರು. ಅದನ್ನು ಕೈಬಿಟ್ಟೆ. ಗೆರೆ ಎಳೆದ ದಿನಗಳೂ ಸೊನ್ನೆಯಲ್ಲವಾದ್ದರಿಂದ ತಾವಾಗಿಯೇ ಹೊರಗುಳಿದವು. ಈ ಪಟ್ಟಿ ಮೂರೇ ಕಾಲಮಿನದು: ವರ್ಷ, ಹೊಳವು ಶುರುವಾದ ತಾರೀಕು, ಎಷ್ಟು ದಿನ. ಹೊಳವೇ ಸಿಗದ ವರ್ಷದ ಮುಂದೆ ‘ಇಲ್ಲ’, ಗೆದ್ದಲು ತಿಂದ ವರ್ಷದ ಮುಂದೆ ಅಡ್ಡಗೆರೆ. ಎರಡು ಪ್ರತಿ ಮುದ್ರಿಸಿ ಒಂದನ್ನು ಕೊನೆಗಾರರಿಗೆ ಕೊಟ್ಟೆ. ಅವರು 1996ರ ಸಾಲಿನ ಮೇಲೆ ಬೆರಳಿಟ್ಟು, ಆ ಸಲ ಸುಣ್ಣ ಸಿಗದೆ ಹೊಳವು ದಂಡವಾಯಿತು, ಅದನ್ನೂ ಷರಾದಲ್ಲಿ ಸೇರಿಸಿ ಎಂದರು.